ಸಹಾಯ ಬೇಕು: 37ನೆಯ ಕೀರ್ತನೆಯನ್ನು ನ್ಯಾಯಕ್ಕಾಗಿ ಕಾದಿರುವವರಿಗೆ ಹೇಗೆ ವಿವರಿಸಲಿ?

ಕರ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು. ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ 37ನೆಯ ಕೀರ್ತನೆಯನ್ನು ವಿವರಿಸುವ ಹೊಣೆ ನನಗೆ ಬಂದಿದ್ದು, ಕೇಳುವವರಲ್ಲಿ ಜಮೀನಿನ ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿರುವ ಒಂದು ಕುಟುಂಬವೂ ಇದೆ. ದುಷ್ಟರು ಹುಲ್ಲಿನಂತೆ ಬೇಗನೆ ಒಣಗಿಹೋಗುವರು, ದೀನರು ದೇಶವನ್ನು ಅನುಭವಿಸುವರು ಎಂಬ ಮಾತು (ಯೇಸು ಬೆಟ್ಟದ ಪ್ರಸಂಗದಲ್ಲಿ ಎತ್ತಿಕೊಂಡದ್ದು ಈ ಎರಡನೆಯದನ್ನೇ) ಅವರಿಗೆ ಬರಿಯ ಸಮಾಧಾನದ ಮಾತಾಗಿ ಕೇಳಿಸಬಾರದು.

ನನಗೆ ನಿಜವಾಗಿ ತೊಡಕಾಗಿರುವುದು 25ನೆಯ ವಚನ. ನೀತಿವಂತನು ಕೈಬಿಡಲ್ಪಟ್ಟದ್ದನ್ನು ಯೌವನದಿಂದ ಮುಪ್ಪಿನವರೆಗೂ ತಾನು ಕಂಡಿಲ್ಲವೆಂದು ದಾವೀದನು ಹೇಳುವಾಗ, ನೀತಿವಂತನಾಗಿದ್ದೂ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ನರಳಿದ ಯೋಬನ ಕಥೆಯನ್ನು ಬಲ್ಲವರು ಯಾರಾದರೂ ಪ್ರಶ್ನಿಸಿಯೇ ತೀರುತ್ತಾರೆ. 73ನೆಯ ಕೀರ್ತನೆಯಲ್ಲಿ ಕೀರ್ತನೆಗಾರನಾದ ಆಸಾಫನು ದುಷ್ಟರ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟು, ದೇವಾಲಯಕ್ಕೆ ಹೋದ ಮೇಲೆಯೇ ಅವರ ಅಂತ್ಯವನ್ನು ಗ್ರಹಿಸಿದನೆಂದು ಒಪ್ಪಿಕೊಳ್ಳುವುದರಿಂದ, ಎರಡನ್ನೂ ಜೊತೆಗಿಟ್ಟು ಓದಿಸುವುದೇ ಪ್ರಾಮಾಣಿಕವೆಂದು ನನಗೆ ತೋರುತ್ತದೆ.

ದೇವರ ಸಮಯಕ್ಕೆ ಕಾದಿರುವುದೆಂದರೆ ದಾವೆಯನ್ನು ಕೈಬಿಡುವುದಲ್ಲ ಎಂಬುದನ್ನು ಕರ್ತನ ಮುಂದೆ ಶಾಂತನಾಗಿದ್ದು ಆತನಿಗಾಗಿ ಕಾದಿರು ಎನ್ನುವ 37ನೆಯ ಕೀರ್ತನೆಯ 7ನೆಯ ವಚನದ ಆಧಾರದಲ್ಲಿ ಹೇಗೆ ಹೇಳಬಹುದು? ಈ ಕೀರ್ತನೆಯನ್ನು ಬೋಧಿಸಿದ ಅನುಭವವುಳ್ಳ ಪಾಸ್ಟರುಗಳೂ ಹಿರಿಯರೂ ದಯವಿಟ್ಟು ತಿಳಿಸಿಕೊಡಬೇಕು. ಕನ್ನಡದಲ್ಲಿ ಒಳ್ಳೆಯ ವ್ಯಾಖ್ಯಾನವಿದ್ದರೆ ಅದರ ಹೆಸರನ್ನೂ ಸೂಚಿಸಬೇಕೆಂದು ಕೋರುತ್ತೇನೆ.