ಹಳೇ ಹಂಚಿನ ಮನೆ: ಗೋಡೆಗೆ ಸಿಮೆಂಟ್ ಬಳಿಯಬಹುದಾ?

ಬಂದರು ಹುಡುಗ: ಮಂಗಳೂರಲ್ಲಿ ಅಜ್ಜನ ಕಾಲದ ಮನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ಬುಡದಲ್ಲಿ ಗಾರೆ ಉದುರುತ್ತಿದೆ. ಮೇಸ್ತ್ರಿ ಸಿಮೆಂಟ್ ಬಳಿಯೋಣ ಅಂತಾರೆ. ಸರಿನಾ?

ಕಡಲತಡಿ: ಬೇಡ ಮಾರಾಯ್ರೆ! ಮುರಕಲ್ಲು ನೀರು ಕುಡಿಯುತ್ತದೆ, ಸುಣ್ಣದ ಗಾರೆಯಾದರೆ ಆ ತೇವ ಹೊರಗೆ ಹೋಗಲು ಬಿಡುತ್ತದೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತದೆ. ನಮ್ಮಲ್ಲಿ ಬಳಿಸಿದ್ದು ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಮೊದಲು ಮಾಡಿನ ನೀರು ಎಲ್ಲಿ ಇಳಿಯುತ್ತದೆ ನೋಡಿ.

ಹಂಚು ಹುಚ್ಚ: ಹಂಚು ಮಾತ್ರ ಸುಮ್ನೆ ಬಿಸಾಡಬೇಡಿ. ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚು ಮಾಡಲು ಶುರು ಮಾಡಿದ್ದು 1865ರಲ್ಲಿ! ಒಡೆದಿದ್ದರೆ ಅದೇ ಅಚ್ಚಿನದ್ದು ಹುಡುಕಿ ತನ್ನಿ, ಬೇರೆಯದು ಸರಿಯಾಗಿ ಕೂರುವುದಿಲ್ಲ.

ಬಂದರು ಹುಡುಗ: ಏಣಿ ಹತ್ತಿ ನೋಡಿದೆ. ಹಂಚು ಕೂರುವ ಮರದ ಪಟ್ಟಿ, ಒಂದು ರೀಪು, ಗೆದ್ದಲು ತಿಂದಿದೆ, ನೀರು ಅಲ್ಲಿಂದಲೇ. ಮೇಸ್ತ್ರಿಗೆ ನಾಳೆ ಬರಬೇಡಿ ಅಂದೆ.