ಘಾತವಿರುವ ವರ್ಗಮೂಲ: ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ?

ಕುಂಬಳೆಯಿಂದ ಒಬ್ಬ ತಾಯಿ:
ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. √36 ಎಷ್ಟೆಂದರೆ ಥಟ್ಟನೆ ಹೇಳುತ್ತಾಳೆ. ಒಳಗೆ ಅಕ್ಷರವೂ ಘಾತವೂ ಸೇರಿದರೆ ಮುಗಿಯಿತು. √(ಅ¹⁶)ಗೆ ಅ⁴ ಎಂದು ಬರೆದಿದ್ದಾಳೆ. ಪಾಠ ಹೇಳಿ ಅನುಭವವಿರುವವರು ದಾರಿ ತೋರಿಸಿ.

ಬದಿಯಡ್ಕದ ನಿವೃತ್ತ ಗಣಿತ ಅಧ್ಯಾಪಕರು:
ಆಕೆ 16ರ ವರ್ಗಮೂಲ ತೆಗೆದಿದ್ದಾಳೆ ತಂಗೀ, ಅ¹⁶ರದ್ದಲ್ಲ. ‘ಅ × ಅ × ಅ...’ ಎಂದು ಹದಿನಾರು ಸಲ ಬರೆಯಿಸಿ, ಎರಡು ಸಮಪಾಲು ಮಾಡಲು ಹೇಳಿ. ಎಂಟೆಂಟು ಬರುತ್ತದೆ. ಅ⁸ × ಅ⁸ = ಅ¹⁶, ಹಾಗಾಗಿ ಉತ್ತರ ಅ⁸. ಘಾತ ಅರ್ಧವಾಗುತ್ತದೆಂಬ ನಿಯಮ ಅವಳ ಬಾಯಿಂದಲೇ ಬರಲಿ, ನೀವು ಮೊದಲೇ ಹೇಳಬೇಡಿ. ಅನುಮಾನವಿದ್ದರೆ ‘ಅ’ಗೆ 2 ಹಾಕಿ ನೋಡಲಿ: 2¹⁶ ಎಂದರೆ 65536, ಅದರ ವರ್ಗಮೂಲ 256, ಅಂದರೆ 2⁸. ಅವಳ ಉತ್ತರದಂತೆ ಬರುವುದು ಬರೀ 16.

ಮುಳ್ಳೇರಿಯದಲ್ಲಿ ಟ್ಯೂಷನ್ ಹೇಳುವವರು:
ಬೆಸ ಘಾತ ಬಂದಾಗ ಒಂದನ್ನು ಬೇರೆ ತೆಗೆದಿಡುವುದನ್ನು ಕಲಿಸಿ ಅಕ್ಕಾ. √(72ಅ⁵ಬ⁶) ತೆಗೆದುಕೊಳ್ಳಿ. 72 = 36 × 2, ಅ⁵ = ಅ⁴ × ಅ, ಬ⁶ = (ಬ³)². ಪೂರ್ಣ ವರ್ಗಗಳು ಹೊರಗೆ ಬರುತ್ತವೆ, ಒಂಟಿಯಾಗಿ ಉಳಿದ 2 ಮತ್ತು ‘ಅ’ ಒಳಗೇ ಇರುತ್ತವೆ: 6ಅ²ಬ³√(2ಅ). ‘ಅ’, ‘ಬ’ ಎರಡೂ ಧನಸಂಖ್ಯೆಗಳೆಂದು ಹೇಳಿದ್ದರೆ ಇಷ್ಟು ಸಾಕು. ನನ್ನಲ್ಲಿಗೆ ಬರುವ ಮಕ್ಕಳಿಗೆ ಈ ಮೂರು ತುಂಡುಗಳನ್ನು ಬೇರೆ ಬೇರೆ ಸಾಲಿನಲ್ಲೇ ಬರೆಯಲು ಹೇಳುತ್ತೇನೆ. ಅವಸರದಲ್ಲಿ ಒಂದೇ ಸಾಲಿಗೆ ತುರುಕಿದಾಗಲೇ ಒಳಗಿನ ‘ಅ’ ಕಾಣೆಯಾಗುವುದು.

ಮಂಜೇಶ್ವರದ ಕೃಷಿಕರೊಬ್ಬರು:
ಗುಣಾಕಾರ ಬಿಡಿಸಿದಂತೆ ಸಂಕಲನವನ್ನೂ ಬಿಡಿಸಲು ಮಕ್ಕಳು ಹೊರಡುತ್ತಾರೆ, √(ಅ² + ಬ²) ಎಂದರೆ ಅ + ಬ ಎಂದು. ನನ್ನ ಮಗನಿಗೆ ಅಡಿಕೆ ಒಣಹಾಕುವ ಅಂಗಳದಲ್ಲೇ ತೋರಿಸಿದೆ. 3 ಮೀಟರ್ ಬದಿಯ ಒಂದು ಚೌಕ, 4 ಮೀಟರ್ ಬದಿಯ ಇನ್ನೊಂದು. ಒಟ್ಟು ವಿಸ್ತೀರ್ಣ 9 + 16 = 25 ಚದರ ಮೀಟರ್. ಅಷ್ಟೇ ಜಾಗದ ಒಂದೇ ಚೌಕಕ್ಕೆ ಬದಿ 5 ಮೀಟರ್, 7 ಅಲ್ಲ. ಹಗ್ಗ ಹಿಡಿದು ಅಳೆದ ಮೇಲೆ ಅವನು ಮತ್ತೆ ವಾದಿಸಲಿಲ್ಲ.

ಬದಿಯಡ್ಕದ ಅಧ್ಯಾಪಕರು:
ಮುಳ್ಳೇರಿಯದವರ ಲೆಕ್ಕಕ್ಕೆ ಒಂದು ಸೇರ್ಪಡೆ. ‘ಬ’ ಋಣಸಂಖ್ಯೆಯೂ ಆಗಬಹುದಾದರೆ ಹೊರಗೆ |ಬ³| ಎಂದೇ ಬರೆಯಬೇಕು; ಎರಡು ಗೆರೆಗಳ ನಡುವೆ ಬರೆದರೆ ಋಣ ಚಿಹ್ನೆ ಬಿಟ್ಟ ಬೆಲೆ ಎಂದರ್ಥ. ಅ = 2, ಬ = −1 ಹಾಕಿ: ಮೂಲದೊಳಗೆ 2304, ವರ್ಗಮೂಲ 48. ಆ ಎರಡು ಗೆರೆ ಬಿಟ್ಟರೆ −48 ಬರುತ್ತದೆ. √ ಚಿಹ್ನೆ ಎಂದೂ ಋಣಸಂಖ್ಯೆ ಕೊಡುವುದಿಲ್ಲ. ಅ²ಗೆ ಗೆರೆ ಬೇಡ, ಅದು ಋಣವಾಗುವುದೇ ಇಲ್ಲ.