ನೈಟ್ರೋಸೈಲೇಶನ್, ನೈಟ್ರೇಶನ್, ಗಿಡದ ಸ್ಟ್ರೆಸ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಪುಣೆಯಲ್ಲಿರೋ ನಾವು ಕೆಲವು ಕನ್ನಡದವರು ಸೇರಿ ಗಿಡಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡ್ತಿದೀವಿ, ಓದೋರು ಹೆಚ್ಚಾಗಿ ಜತ್ತ, ಅಕ್ಕಲಕೋಟೆ, ಇಂಡಿ ಕಡೆ ದಾಳಿಂಬೆ ದ್ರಾಕ್ಷಿ ಬೆಳೆಯೋ ಮನೆಗಳಿಂದ ಬಂದು ಇಲ್ಲಿ ಬಿಎಸ್ಸಿ ಮಾಡ್ತಿರೋ ಹುಡುಗ ಹುಡುಗೀರು. ನನ್ನ ಪಾಲಿಗೆ ಬಂದಿರೋದು ನೈಟ್ರಿಕ್ ಆಕ್ಸೈಡ್ ಅಧ್ಯಾಯ. ವಿಷಯ ಗೊತ್ತು, ಬರೆಯೋಕೆ ಕೂತ್ರೆ ಪದ ಸಿಗ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ವಿಷಯ ಹೇಳದೆ ಪದ ಕೇಳಿದ್ರೆ ನಿಮಗೂ ಕಷ್ಟ.

ನೈಟ್ರಿಕ್ ಆಕ್ಸೈಡ್ ಅಂದ್ರೆ ಒಂದು ಸಾರಜನಕ ಒಂದು ಆಮ್ಲಜನಕ ಸೇರಿದ ಪುಟ್ಟ ಅನಿಲ, ಮುಂದೆ ಎನ್‌ಓ ಅಂತಲೇ ಬರೀತೀನಿ. ನಮ್ಮ ರಕ್ತನಾಳದಲ್ಲಿ ಅದು ಸಂದೇಶ ಒಯ್ಯುತ್ತೆ ಅಂತ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸೋಯಾ, ತಂಬಾಕು ಗಿಡಗಳ ಮೇಲೆ ನಡೆದ ಕೆಲಸದಿಂದ ಗಿಡಗಳೂ ರೋಗದ ವಿರುದ್ಧ ಇದನ್ನ ಬಳಸ್ತವೆ ಅಂತ ಗೊತ್ತಾಯ್ತು. ಗಿಡದಲ್ಲಿ ಇದು ಹುಟ್ಟೋ ದಾರಿಗಳಲ್ಲಿ ಒಂದು ನೈಟ್ರೇಟ್ ರಿಡಕ್ಟೇಸ್ ಅನ್ನೋ ಕಿಣ್ವ, ಅಂದ್ರೆ ರೈತರು ಹಾಕೋ ಗೊಬ್ಬರದ ನೈಟ್ರೇಟನ್ನ ಅರಗಿಸೋ ಅದೇ ಕಿಣ್ವ. ಹುಟ್ಟಿದ ಎನ್‌ಓ ಮಾಡೋ ಕೆಲಸದಲ್ಲಿ ಬಹುಪಾಲು ಅಂದ್ರೆ ಪ್ರೋಟೀನುಗಳನ್ನ ಮಾರ್ಪಡಿಸೋದು. ಈ ಮಾರ್ಪಾಡಿನಲ್ಲಿ ಮೂರು ಬಗೆ ಇದೆ, ಪದದ ತಕರಾರು ಶುರುವಾಗೋದು ಇಲ್ಲೇ.

ಒಂದು, ಪ್ರೋಟೀನಿನೊಳಗಿನ ಸಿಸ್ಟೀನ್ ಅನ್ನೋ ಅಮೈನೋ ಆಮ್ಲದ ಗಂಧಕಕ್ಕೆ ಎನ್‌ಓ ಸೇರೋದು, ಅದು ಎಸ್-ನೈಟ್ರೋಸೈಲೇಶನ್. ಎರಡು, ಎನ್‌ಓ ಮೊದಲು ಸೂಪರ್‌ಆಕ್ಸೈಡ್ ಅನ್ನೋ ಚುರುಕು ಆಮ್ಲಜನಕದ ಜೊತೆ ಕೂಡಿ ಪೆರಾಕ್ಸಿನೈಟ್ರೈಟ್ ಆಗಿ, ಆಮೇಲೆ ಟೈರೋಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದ ಉಂಗುರಕ್ಕೆ ಎನ್‌ಓ-ಟು (ಒಂದು ಸಾರಜನಕ, ಎರಡು ಆಮ್ಲಜನಕ) ಗುಂಪು ಸೇರೋದು, ಅದು ನೈಟ್ರೇಶನ್. ಮೂರು, ಪ್ರೋಟೀನಿನೊಳಗಿನ ಹೀಮ್ ಅನ್ನೋ ಭಾಗದಲ್ಲಿರೋ ಕಬ್ಬಿಣದಂಥ ಲೋಹಕ್ಕೆ ಎನ್‌ಓ ಹಿಡಕೊಳ್ಳೋದು. ಮೂರನೇದಕ್ಕೆ ತೊಂದರೆ ಇಲ್ಲ, 'ಲೋಹಕ್ಕೆ ಎನ್‌ಓ ಹಿಡಿತ' ಅಂದ್ರೆ ಯಾರಿಗಾದ್ರೂ ತಿಳಿಯುತ್ತೆ.

ಮೊದಲ ಎರಡನ್ನ ಬೆರೆಸಿಬಿಟ್ರೆ ಮಾತ್ರ ಓದೋರಿಗೆ ನಿಜವಾಗಲೂ ತಪ್ಪು ತಿಳಿವಳಿಕೆ ಕೊಟ್ಟ ಹಾಗಾಗುತ್ತೆ. ಬಟಾಣಿಯಲ್ಲಿರೋ ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ತಗೊಳ್ಳಿ, ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾದಾಗ ಅದನ್ನ ಇಳಿಸೋ ಕಿಣ್ವ ಇದು. ಇದರ 32ನೇ ಸಿಸ್ಟೀನ್‌ಗೆ ಎನ್‌ಓ ಸೇರಿದ್ರೆ ಕಿಣ್ವದ ಕೆಲಸ ಚುರುಕಾಗುತ್ತೆ, 235ನೇ ಟೈರೋಸಿನ್‌ಗೆ ಎನ್‌ಓ-ಟು ಸೇರಿದ್ರೆ ಕೆಲಸ ಕುಗ್ಗುತ್ತೆ. ಕಿಣ್ವ ಒಂದೇ, ಮೂಲದ ಅನಿಲ ಒಂದೇ, ಪರಿಣಾಮ ಪೂರಾ ಉಲ್ಟಾ. ಪ್ರೋಟೀನಿನ ತೂಕದಲ್ಲೂ ಎನ್‌ಓ ಸೇರಿದ್ರೆ 29 ಡಾಲ್ಟನ್ (ಅಣುವಿನ ತೂಕದ ಅಳತೆ) ಏರುತ್ತೆ, ಎನ್‌ಓ-ಟು ಸೇರಿದ್ರೆ 45. ಇಷ್ಟು ಬೇರೆ ಇರೋ ಎರಡನ್ನ 'ನೈಟ್ರೀಕರಣ' ಅನ್ನೋ ಒಂದೇ ಪದದಲ್ಲಿ ತುಂಬೋದು ನನಗಂತೂ ಒಪ್ಪಿಗೆ ಇಲ್ಲ. ಅದೂ ಅಲ್ದೆ ನೈಟ್ರೀಕರಣ ಅಂದ್ರೆ ನಮ್ಮ ಶಾಲಾ ಪುಸ್ತಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನ ನೈಟ್ರೇಟ್ ಮಾಡೋ ಕೆಲಸ, ಅದನ್ನ ಓದಿಕೊಂಡೇ ಬಂದಿರೋ ಮಕ್ಕಳಿಗೆ ಪ್ರೋಟೀನಿನ ನೈಟ್ರೀಕರಣ ಅಂದ್ರೆ ಮಣ್ಣೇ ನೆನಪಾಗುತ್ತೆ.

ನನಗೆ ತೋಚಿದ್ದು ಇದು. ಮೊದಲನೇದಕ್ಕೆ 'ಎನ್‌ಓ ಅಂಟಿಕೆ', ಎರಡನೇದಕ್ಕೆ 'ನೈಟ್ರೋ ಬೆಸುಗೆ'. ಅಂಟಿದ್ದು ಬಿಡಿಸೋಕೆ ಬರುತ್ತೆ, ಬೆಸೆದದ್ದು ಸುಲಭಕ್ಕೆ ಬಿಡಲ್ಲ. ರಸಾಯನದ ಲೆಕ್ಕದಲ್ಲಿ ಎರಡೂ ಕೋವೇಲೆಂಟ್ ಬಂಧವೇ (ಎಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ ಬಂಧ), ಆದ್ರೆ ಗಂಧಕದ ಮೇಲಿನ ಎನ್‌ಓವನ್ನ ಜೀವಕೋಶದೊಳಗಿನ ಗ್ಲುಟಾಥಯೋನ್ ಅನ್ನೋ ಚಿಕ್ಕ ಅಣು, ಥಯೋರೆಡಾಕ್ಸಿನ್ ಅನ್ನೋ ಪ್ರೋಟೀನು ಕಳಚಿ ಹಾಕ್ತವೆ, ಟೈರೋಸಿನ್ ಮೇಲಿನದು ಹಾಗೆ ಸಲೀಸಾಗಿ ಹೋಗಲ್ಲ. ಇನ್ನೊಂದು ಅನುಕೂಲ ಅಂದ್ರೆ ಕನ್ನಡಕ್ಕೆ ಕ್ರಿಯಾಪದ ಸಿಗುತ್ತೆ: ಅಂಟಿತು, ಕಳಚಿತು. ನೈಟ್ರೋಸೈಲೇಶನ್ ಆಯಿತು, ಡಿನೈಟ್ರೋಸೈಲೇಶನ್ ಆಯಿತು ಅಂತ ಪುಟ ತುಂಬಾ ಬರೆದ್ರೆ ಓದೋಕಾಗಲ್ಲ.

ವಾಕ್ಯದಲ್ಲಿ ಹೇಗಿರುತ್ತೆ ಅಂತ ಎರಡು ಕಡೆ ಬರೆದು ನೋಡಿದೆ. ಬೆಳವಣಿಗೆ ಬಗ್ಗೆ: 'ಮೊಳಕೆ ಬೆಳೆಯದ ಹಾಗೆ ತಡೆ ಹಿಡಿದಿರೋ ಎಬಿಐ5 ಅನ್ನೋ ಪ್ರೋಟೀನಿನ 153ನೇ ಸಿಸ್ಟೀನ್‌ಗೆ ಎನ್‌ಓ ಅಂಟಿದ್ರೆ ಜೀವಕೋಶ ಆ ಪ್ರೋಟೀನನ್ನೇ ಒಡೆದು ಹಾಕುತ್ತೆ, ತಡೆ ಹೋಗಿ ಮೊಳಕೆ ಬೆಳೆಯುತ್ತೆ.' ರೋಗದ ಬಗ್ಗೆ: 'ಎನ್‌ಪಿಆರ್1 ಪ್ರೋಟೀನಿನ 156ನೇ ಸಿಸ್ಟೀನ್‌ಗೆ ಎನ್‌ಓ ಅಂಟಿದಾಗ ಅವು ಗುಂಪು ಕಟ್ಟಿಕೊಂಡು ಕೋಶಕೇಂದ್ರದ ಹೊರಗೇ ಉಳೀತವೆ, ರೋಗ ಬಂದಾಗ ಗಿಡ ಮಾಡೋ ಸ್ಯಾಲಿಸಿಲಿಕ್ ಆಮ್ಲ ಏರಿದ ಮೇಲೆ ಥಯೋರೆಡಾಕ್ಸಿನ್ ಆ ಗುಂಪನ್ನ ಬಿಡಿಸುತ್ತೆ, ಒಂಟಿಯಾದವು ಒಳಗೆ ಹೋಗಿ ರಕ್ಷಣೆಯ ಜೀನ್‌ಗಳನ್ನ ಎಬ್ಬಿಸ್ತವೆ.' ಎರಡೂ ಲ್ಯಾಬಿನಲ್ಲಿ ಹೆಚ್ಚಾಗಿ ಬಳಸೋ ಅರಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ ಕಂಡ ಸಂಗತಿ. ನನ್ನ ಕಿವಿಗೆ ಸರಿಯಾಗೇ ಕೇಳಿಸ್ತಿದೆ, ನಿಮಗೆ?

ಇಂಥ ಎಲ್ಲಕ್ಕೂ ಸೇರಿಸಿ ಇಂಗ್ಲಿಷ್‌ನಲ್ಲಿ ಹೇಳೋ 'ಪೋಸ್ಟ್-ಟ್ರಾನ್ಸ್‌ಲೇಶನಲ್ ಮಾಡಿಫಿಕೇಶನ್' ಅನ್ನೋ ಪದವನ್ನ 'ಅನುವಾದೋತ್ತರ ಮಾರ್ಪಾಡು' ಅಂತ ಮಾಡೋದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪುಸ್ತಕ ಅನುವಾದ ಮಾಡಿದ ಮೇಲಿನ ತಿದ್ದುಪಡಿ ಅಂತ ಓದಿಕೊಳ್ತಾರೆ. 'ಪ್ರೋಟೀನ್ ತಯಾರಾದ ಮೇಲಿನ ಮಾರ್ಪಾಡು' ಅಂದ್ರೆ ಉದ್ದ ನಿಜ, ಅರ್ಥ ಕೆಡಲ್ಲ.

ಈಗ ಸ್ಟ್ರೆಸ್, ಅಂದ್ರೆ ಬರ, ಬಿಸಿಲು, ಉಪ್ಪು, ರೋಗದಂಥವು ಗಿಡಕ್ಕೆ ಕೊಡೋ ಕಷ್ಟ. ಎಲ್ಲರೂ 'ಒತ್ತಡ' ಅಂತ ಬರೀತಾರೆ, ಮನುಷ್ಯರಿಗೆ ಸರಿ. ಆದ್ರೆ ಗಿಡದ ಪಾಠದಲ್ಲಿ ಬೇರಿನ ಒತ್ತಡ ಇದೆ, ಜೀವಕೋಶದೊಳಗಿನ ನೀರಿನ ಒತ್ತಡ ಇದೆ, ಅವೆಲ್ಲ ನಿಜವಾದ ಪ್ರೆಶರ್. ನೀರು ಕಡಿಮೆಯಾದ ಗಿಡಕ್ಕೆ 'ನೀರಿನ ಒತ್ತಡ ಇದೆ' ಅಂತ ಬರೆದ್ರೆ ಒಳಗೆ ನೀರು ಒತ್ತಿಕೊಂಡಿದೆ ಅನ್ನೋ ಉಲ್ಟಾ ಅರ್ಥ ಬರುತ್ತೆ. ಮರಾಠಿಯವರು ಇಲ್ಲಿ 'ತಾಣ' ಅಂತಾರೆ, ನಮಗೆ ತಾಣ ಅಂದ್ರೆ ಜಾಗ, ಹಾಗಾಗಿ ಅದು ಬರಲ್ಲ. (ಸಾರಜನಕಕ್ಕೆ 'ನತ್ರ', ರಂಜಕಕ್ಕೆ 'ಸ್ಫುರದ' ಅನ್ನೋ ಅವರ ಪದಗಳು ಜತ್ತದ ಮಕ್ಕಳ ಬಾಯಲ್ಲಿ ಚೆನ್ನಾಗಿ ಕೂತಿವೆ, ಅವನ್ನ ಒಂದು ಸಲ ಹೇಳಿ ಮುಂದಕ್ಕೆ ಹೋಗೋಣ ಅಂತಿದೀನಿ.) ನಾನು ಒಲಿದಿರೋದು 'ಬಾಧೆ' ಕಡೆ. ಕೀಟಬಾಧೆ, ರೋಗಬಾಧೆ ಈಗಾಗ್ಲೇ ರೈತರ ಬಾಯಲ್ಲಿದೆ, ಅದೇ ಸಾಲಿಗೆ ಬರಬಾಧೆ, ಬಿಸಿಲುಬಾಧೆ, ಉಪ್ಪುಬಾಧೆ ಸೇರಿಸಬಹುದು. ಜೀವಿಯಿಂದ ಬಂದ ಬಾಧೆ, ಹವೆ ಮಣ್ಣಿನಿಂದ ಬಂದ ಬಾಧೆ ಅಂತ ವಿಂಗಡಿಸೋದಕ್ಕೂ ಬರುತ್ತೆ.

ಬಾಧೆ ಹೆಚ್ಚಿದಾಗ ಎನ್‌ಓ ಹೆಚ್ಚಿದ್ರೆ ಒಳ್ಳೇದು ಅಂತ ಸುಮ್ಮನೆ ಬರೆಯೋಕಾಗಲ್ಲ ಅನ್ನೋದನ್ನೂ ಹೇಳಬೇಕು, ಪದ ಆರಿಸುವಾಗ ಇದು ಮುಖ್ಯ. ಗ್ಲುಟಾಥಯೋನ್‌ಗೆ ಎನ್‌ಓ ಅಂಟಿ ಜಿಎಸ್‌ಎನ್‌ಓ ಅಂತ ಒಂದು ದಾಸ್ತಾನು ಆಗಿರುತ್ತೆ, ಅದನ್ನ ಒಡೆಯೋ ಕಿಣ್ವ ಇಲ್ಲದ ಅರಬಿಡಾಪ್ಸಿಸ್ ಗಿಡಗಳು ಬಿಸಿ ತಡಕೊಳ್ಳಲ್ಲ, ಆದ್ರೆ ಪ್ಯಾರಾಕ್ವಾಟ್ ಕಳೆನಾಶಕವನ್ನ ತಡಕೊಳ್ತವೆ. ಒಂದೇ ಕೊರತೆ, ಒಂದು ಬಾಧೆಗೆ ಸೋಲು, ಇನ್ನೊಂದಕ್ಕೆ ಗೆಲುವು. ಅದಕ್ಕೇ 'ರಕ್ಷಕ ಅನಿಲ' ಅಂತ ಹೆಸರಿಡೋಣ ಅಂತ ನಮ್ಮ ಗುಂಪಿನಲ್ಲಿ ಬಂದ ಸೂಚನೆಗೆ ನಾನು ಒಪ್ಪಿಲ್ಲ, 'ಸಂದೇಶದ ಅನಿಲ' ಸಾಕು.

ಬಾಧೆ ಪದಕ್ಕೆ ಒಂದೇ ತೊಡಕು ಉಳಿದಿದೆ. ದಾಳಿಂಬೆಯವರು ಬಹಾರ (ಹೂ ಬಿಡಿಸೋ ಹಂಗಾಮು) ಹಿಡಿಯೋವಾಗ ಬೇಕಂತಲೇ ನೀರು ನಿಲ್ಲಿಸಿ ಗಿಡಾನ ಒಣಗಿಸ್ತಾರೆ, ಆಮೇಲೆ ನೀರು ಕೊಟ್ಟು ಒಟ್ಟಿಗೆ ಹೂ ಬರಿಸ್ತಾರೆ, ಮಹಾರಾಷ್ಟ್ರದಲ್ಲಿ ಇದಕ್ಕೂ ತಾಣ ಕೊಡೋದು ಅಂತಲೇ ಹೇಳ್ತಾರೆ. ರೈತ ತಾನೇ ಕೊಟ್ಟದ್ದನ್ನ ಬಾಧೆ ಅನ್ನೋಕೆ ಮನಸ್ಸು ಬರ್ತಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ದಾಳಿಂಬೆ ತೋಟ ಇರೋರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ನೀರು ನಿಲ್ಲಿಸಿ ಗಿಡಾನ ಬಿಡೋ ಆ ದಿನಗಳಿಗೆ ನಿಮ್ಮ ಮನೇಲಿ, ಕೂಲಿಯವರ ಜೊತೆ ಮಾತಾಡುವಾಗ ಏನಂತೀರಿ? ಆ ಪದ ಸಿಕ್ರೆ ಅದನ್ನೇ ಹಾಕ್ತೀನಿ. ಅಂಟಿಕೆ, ಬೆಸುಗೆ ಬಗ್ಗೆ ರಸಾಯನಶಾಸ್ತ್ರ ಕಲಿಸೋರ ಆಕ್ಷೇಪ ಇದ್ರೂ ಬರೀರಿ, ಅಧ್ಯಾಯ ಇನ್ನೂ ಅಚ್ಚಿಗೆ ಹೋಗಿಲ್ಲ.